ಬೇರುನಾಳ ಚಿಕಿತ್ಸೆಯಲ್ಲಿ ಬಯೋಸೆರಾಮಿಕ್

ಹಲ್ಲುನೋವು ತಾನಾಗಿ ನಿಂತರೆ ರೋಗ ವಾಸಿಯಾಯಿತೆಂದು ಅನೇಕ ಭಕ್ತರು ಭಾವಿಸುತ್ತಾರೆ. ಹಲವು ವೇಳೆ ಹಲ್ಲಿನೊಳಗಿನ ತಿರುಳು ಸತ್ತಿರುವುದರಿಂದಲೇ ನೋವು ಅಡಗಿರುತ್ತದೆ. ಸೋಂಕು ಮಾತ್ರ ಬೇರಿನ ತುದಿಯಿಂದ ದವಡೆಯ ಮೂಳೆಗೆ ಹರಡುತ್ತಿರುತ್ತದೆ. ಸುಶ್ರುತಾಚಾರ್ಯರು ಕೃಮಿದಂತವೆಂದು ಕರೆದ ಈ ವ್ಯಾಧಿಗೆ ಗಂಡೂಷ, ಲವಂಗತೈಲಗಳು ಶಮನ ನೀಡಬಲ್ಲವು. ಆದರೆ ತಿರುಳನ್ನು ತಲುಪಿದ ಸೋಂಕನ್ನು ಅವು ತೆಗೆಯಲಾರವು. ಆಯುರ್ವೇದ ವೈದ್ಯರಾದ ನಾವು ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಆಗ ಹಲ್ಲನ್ನು ಉಳಿಸುವ ಮಾರ್ಗವೆಂದರೆ ಬೇರುನಾಳ ಚಿಕಿತ್ಸೆ, ಅರ್ಥಾತ್ ರೂಟ್ ಕೆನಾಲ್.

ಈ ಚಿಕಿತ್ಸೆಯಲ್ಲಿ ಕೆಟ್ಟ ತಿರುಳನ್ನು ತೆಗೆದು, ನಾಳವನ್ನು ಶುದ್ಧಗೊಳಿಸಿ, ಗಟ್ಟಾಪರ್ಚಾ ಎಂಬ ಮರದ ಹಾಲಿನ ವಸ್ತುವನ್ನು ತುಂಬುತ್ತಾರೆ. ಅದಕ್ಕೂ ನಾಳದ ಗೋಡೆಗೂ ನಡುವೆ ಉಳಿಯುವ ಸಂದಿಯನ್ನು ಮುಚ್ಚುವುದು ಸೀಲರ್. ಈ ಕಾರ್ಯಕ್ಕೆ ಈಗ ಬಯೋಸೆರಾಮಿಕ್ ಬಳಕೆಗೆ ಬಂದಿದೆ.

ಇದರ ಮೂಲದ್ರವ್ಯ ಕ್ಯಾಲ್ಸಿಯಂ ಸಿಲಿಕೇಟ್. ಮನೆ ಕಟ್ಟುವ ಸಿಮೆಂಟಿನ ಪ್ರಧಾನ ಘಟಕವೂ ಅದೇ. 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ ಅವರು ಈ ಬಗೆಯ ಎಂ.ಟಿ.ಎ.ಯನ್ನು ದಂತವೈದ್ಯಕ್ಕೆ ಪರಿಚಯಿಸಿದರು. ತೇವವು ಇದಕ್ಕೆ ಶತ್ರುವಲ್ಲ. ತೇವವನ್ನು ಹೀರಿಯೇ ಇದು ಗಟ್ಟಿಯಾಗುತ್ತದೆ. ಆಗ ಹೊರಬರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಸುಣ್ಣದ ಅಂಶವು, ತೀವ್ರ ಕ್ಷಾರಗುಣದಿಂದ ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ದೇಹದ್ರವದ ಫಾಸ್ಫೇಟಿನೊಡನೆ ಕೂಡಿ ಹಲ್ಲು, ಮೂಳೆಗಳ ಖನಿಜವನ್ನೇ ಹೋಲುವ ಪದರವೂ ಉಂಟಾಗುತ್ತದೆ.

ಬಿದ್ದು ಮುಂದಿನ ಹಲ್ಲಿಗೆ ಪೆಟ್ಟಾದ ಮಕ್ಕಳಿಗೆ ಇದರ ಉಪಯೋಗ ದೊಡ್ಡದು. ಅವರ ಬೇರಿನ ತುದಿ ಇನ್ನೂ ತೆರೆದಿರುತ್ತದೆ. ಹಿಂದೆ ತಿಂಗಳುಗಟ್ಟಲೆ ಔಷಧ ಬದಲಿಸಿ ಕಾಯಬೇಕಿತ್ತು. ಈಗ ಒಂದೆರಡು ಭೇಟಿಗಳಲ್ಲೇ ತುದಿಯನ್ನು ಮುಚ್ಚಬಹುದು. ಬೇರಿನಲ್ಲಿ ತೂತಾಗಿದ್ದರೂ ಇದರಿಂದ ಮುಚ್ಚುತ್ತಾರೆ.

ಮಿತಿಗಳೂ ಉಂಟು. ಬೆಲೆ ಹೆಚ್ಚು, ಒಮ್ಮೆ ಗಟ್ಟಿಯಾದರೆ ಮರುಚಿಕಿತ್ಸೆಗೆ ತೆಗೆಯುವುದು ಕಷ್ಟ, ಕೆಲವು ಬಗೆಗಳಿಂದ ಹಲ್ಲಿನ ಬಣ್ಣ ಕಂದುತ್ತದೆ. ನಾಳ ಸರಿಯಾಗಿ ಶುದ್ಧವಾಗದಿದ್ದರೆ ಯಾವ ವಸ್ತುವೂ ಫಲಿಸದು. ಆದುದರಿಂದ ಎಲ್ಲ ಹಲ್ಲಿಗೂ ಇದೇ ಬೇಕೆಂದಿಲ್ಲ. ಸುಣ್ಣದ ಗುಣವಿದೆಯೆಂದು ಮನೆಯಲ್ಲಿ ಎಲೆಸುಣ್ಣವನ್ನು ಹಲ್ಲಿಗೆ ತುಂಬಲೇಬಾರದು. ಒಸಡು ಸುಟ್ಟು ಹುಣ್ಣಾಗುತ್ತದೆ.

ಸರ್ವಜ್ಞನಗರದ ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರಗಳಲ್ಲಿ ದಂತವೈದ್ಯರಿಗೆ ಕೊರತೆಯಿಲ್ಲ. ಖರ್ಚಿಗೆ ಅಂಜುವವರು ಹಲ್ಲು ಕೀಳಿಸುವ ಮೊದಲು, ವಿಕ್ಟೋರಿಯಾ ಆಸ್ಪತ್ರೆಯ ಬಳಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಲಿ. ಯಾವ ವಸ್ತು, ಏಕೆ, ಮೇಲೆ ಕ್ಯಾಪ್ ಬೇಕೇ ಎಂದು ಕೇಳುವುದು ರೋಗಿಯ ಹಕ್ಕು. ಮಧುಮೇಹವಿದ್ದವರು ಅದನ್ನು ಮೊದಲೇ ತಿಳಿಸಬೇಕು. ನೋವು ನಿಂತ ಹಲ್ಲನ್ನೂ ಒಮ್ಮೆ ತೋರಿಸಿಕೊಳ್ಳಿರೆಂದು ನಾವು ಸದ್ಭಕ್ತರಲ್ಲಿ ಬಿನ್ನವಿಸುತ್ತೇವೆ.