ಹೊರನಾಡಿನ ಮನೆ, ಊರಿನ ತೋಟ

ಮೊನ್ನೆ ಶಾಂತಿಗ್ರಾಮದ ನಮ್ಮ ಮನೆಯ ಜಗಲಿಗೆ ಹಿರಿಯ ರೈತರೊಬ್ಬರು ಬಂದರು. ಅಮೆರಿಕದಲ್ಲಿರುವ ಮಗ ಅಲ್ಲಿಯೇ ಮನೆ ಕೊಳ್ಳಲಿದ್ದಾನೆ. ಕೈಯಿಂದ ಕಟ್ಟಬೇಕಾದ ಮುಂಗಡಕ್ಕೆ ಮೂವತ್ತು ಲಕ್ಷ ಕಡಿಮೆ ಬಿದ್ದಿದೆ. "ತೋಟ ಅಡವಿಟ್ಟು, ಬ್ಯಾಂಕಿನಲ್ಲಿ ಸಾಲ ಎತ್ತಿ ಕಳಿಸಬಹುದೆ, ಮೇಷ್ಟ್ರೇ?" ಎಂದು ಕೇಳಿದರು. ಈ ಪ್ರಶ್ನೆ ಕೇಳುಗರಲ್ಲಿ ಅನೇಕರದೂ ಇರಬಹುದು.

ಹೊರನಾಡಿನಲ್ಲಿ ಮನೆ, ನೆಲ ಕೊಳ್ಳಲು ಕಳುಹಿಸುವ ಹಣಕ್ಕಾಗಿ ಇಲ್ಲಿನ ಬ್ಯಾಂಕು ಇಲ್ಲಿನ ನಿವಾಸಿಗೆ ಸಾಲ ಕೊಡುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ಕಟ್ಟಳೆ. ಬೆಳೆಸಾಲವೆಂದು ಪಡೆದು ಅತ್ತ ಸಾಗಿಸುವುದಂತೂ ಸಲ್ಲದು. ಉಳಿದುದು ಸ್ವಂತ ಹಣ. ಅದಕ್ಕೆ ಬಾಗಿಲು ತೆರೆದದ್ದು 2004ರಲ್ಲಿ. ಆಗ ಮಿತಿ ವರ್ಷಕ್ಕೆ 25,000 ಡಾಲರು. 2013ರಲ್ಲಿ ರೂಪಾಯಿ ಕುಸಿದಾಗ ಆಸ್ತಿ ಖರೀದಿಗೆ ತಡೆ ಬಿತ್ತು, ಮರುವರ್ಷ ತೆರವಾಯಿತು. 2015ರಿಂದ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರಿನವರೆಗೆ ಕಳುಹಿಸಬಹುದು.

ಮಿತಿಯೊಳಗಿದ್ದರೂ ಒಂದು ತೊಡಕುಂಟು. ಇಂತಹ ರವಾನೆ ವರ್ಷಕ್ಕೆ ಹತ್ತು ಲಕ್ಷ ಮೀರಿದರೆ, ಮೀರಿದ ಭಾಗದ ಮೇಲೆ ಶೇಕಡ 20ರಷ್ಟು ತೆರಿಗೆಯನ್ನು ಬ್ಯಾಂಕು ಮೊದಲೇ ಹಿಡಿಯುತ್ತದೆ. ಮೂವತ್ತು ಲಕ್ಷ ಕಳುಹಿಸುವವರ ಬಳಿ ಮೂವತ್ತನಾಲ್ಕು ಲಕ್ಷವಿರಬೇಕು. ಆ ನಾಲ್ಕು ಲಕ್ಷ ಮುಳುಗಿದ ಹಣವಲ್ಲ, ಲೆಕ್ಕಪತ್ರ ಸಲ್ಲಿಸಿದರೆ ತೆರಿಗೆಗೆ ವಜಾ ಆಗುತ್ತದೆ ಅಥವಾ ಮರಳುತ್ತದೆ. ಆದರೆ ಅಲ್ಲಿಯವರೆಗೆ ಕಾಯಬೇಕು.

ಇನ್ನು ಮುಖ್ಯವಾದ ಮಾತು. ಮನೆಯ ಪತ್ರದಲ್ಲಿ ತಂದೆಯ ಹೆಸರೂ ಸೇರಿದರೆ ಅವರು ಆ ಪಾಲನ್ನು ಪ್ರತಿವರ್ಷ ಇಲ್ಲಿನ ಆದಾಯ ತೆರಿಗೆ ಪತ್ರದಲ್ಲಿ ತೋರಿಸಬೇಕು. ಹೆಸರಿಲ್ಲದೆ ಮಗನಿಗೆ ಕೊಟ್ಟರೆ ಅದು ಉಡುಗೊರೆ. ಅಮೆರಿಕದಲ್ಲಿ ಬೆಲೆಯ ಶೇಕಡ 20ಕ್ಕಿಂತ ಕಡಿಮೆ ಮುಂಗಡ ಕಟ್ಟಿದವನಿಗೆ ಸಾಮಾನ್ಯವಾಗಿ ಸಾಲದ ವಿಮೆಯ ಹೊರೆ ಬೀಳುತ್ತದೆ. ಮಗನ ಆತುರ ಅದಕ್ಕೇ. ಆದರೆ ಅಲ್ಲಿ ಸಾಲ ಕೊಡುವ ಬ್ಯಾಂಕು ತಂದೆಯಿಂದ ಒಂದು ಪತ್ರ ಕೇಳುತ್ತದೆ: ಇದು ಸಾಲವಲ್ಲ, ಹಿಂದಿರುಗಿಸಬೇಕಾಗಿಲ್ಲ, ಎಂದು. ಕೊಟ್ಟದ್ದನ್ನು ಮರಳಿ ಪಡೆಯಬಾರದೆಂಬುದು ನಮ್ಮ ದಾನಶಾಸನಗಳಲ್ಲಿ ರೂಢಿಯ ಮಾತು. ನಮ್ಮೂರಿಗೆ ಹೆಸರಾದಳೆನ್ನುವ ಶಾಂತಲೆ ಬೆಳಗೊಳದ ಸವತಿಗಂಧವಾರಣ ಬಸದಿಗೆ ದತ್ತಿ ಬಿಟ್ಟಾಗ ರಾಣಿಯಾಗಿದ್ದಳು. ಇವರಿಗಿರುವುದು ಎರಡೆಕರೆ ತೆಂಗು.

ಪತ್ರದ ಒಕ್ಕಣೆ ಕೇಳಿ ಅವರು ಬಹಳ ಹೊತ್ತು ಮಾತಾಡಲಿಲ್ಲ. "ಮುಂದೆ ಕೊಡುತ್ತೇನೆ ಅಂದಿದ್ದಾನಲ್ಲ" ಎಂದರು. ಬಾಯಿಮಾತು ಹಾಗಿದ್ದು ಕಾಗದ ಹೀಗಿದ್ದರೆ, ಅದು ಆ ಬ್ಯಾಂಕಿಗೆ ಬರೆದುಕೊಟ್ಟ ಸುಳ್ಳಾಗುತ್ತದೆ ಎಂದೆ.

ತೋಟ ಮಾರುವುದಾದರೂ ಅದು ಪಿತ್ರಾರ್ಜಿತ. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲು. ಚನ್ನರಾಯಪಟ್ಟಣದಲ್ಲಿರುವ ಮಗಳನ್ನು ಇನ್ನೂ ಕೇಳಿಲ್ಲವೆಂದರು. ಮೊದಲು ಅಲ್ಲಿಗೆ ಹೋಗಿ ಬನ್ನಿ, ಪತ್ರದ ಮಾತು ಆಮೇಲೆ ಎಂದೆ.