ಹಳೆಯ ಗಾಲಿಮನೆಗೆ ಬೆಚ್ಚನೆಯ ಗೋಡೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ‘ಮೊಬೈಲ್ ಹೋಮ್’ ಎಂಬ ಬಗೆಯ ಮನೆಗಳಿವೆ. ಕಾರ್ಖಾನೆಯಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿ, ಗಾಲಿ ಜೋಡಿಸಿ, ಟ್ರಕ್ಕಿನಿಂದ ಎಳೆದು ತಂದು ನಿಲ್ಲಿಸುವ ಮನೆಗಳಿವು. ಸಂಚಾರ ಹೆಸರಿಗೆ ಮಾತ್ರ. ಹೆಚ್ಚಿನವು ಒಮ್ಮೆ ನಿಂತಲ್ಲಿಂದ ಕದಲುವುದಿಲ್ಲ. ಅಗ್ಗವಾದ್ದರಿಂದ ಕಡಿಮೆ ವರಮಾನದವರು ಇವನ್ನು ಆಶ್ರಯಿಸುತ್ತಾರೆ. ಇವುಗಳ ನಿರ್ಮಾಣಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ಸಂಹಿತೆ ಜಾರಿಗೆ ಬಂದದ್ದು 1976ರ ಜೂನ್ 15ರಂದು. ಅದಕ್ಕೂ ಹಿಂದಿನ ಮನೆಗಳ ಗೋಡೆ ಬಲು ತೆಳು. ಹೊರಗೆ ಅಲ್ಯೂಮಿನಿಯಮ್ ತಗಡು, ಒಳಗೆ ತೆಳುವಾದ ಹಲಗೆ, ನಡುವೆ ಮರದ ಪಟ್ಟಿಗಳು. ಆ ಟೊಳ್ಳಿನಲ್ಲಿ ಎಷ್ಟೋ ಕಡೆ ಎರಡು ಮೂರು ಸೆಂಟಿಮೀಟರ್ ಗಾಜಿನ ಉಣ್ಣೆ ಮಾತ್ರ. ಅದೂ ಜಾರಿ ಕುಸಿದಿರಬಹುದು. ಹಿಮ ಬೀಳುವ ಊರುಗಳಲ್ಲಿ ಇಂಧನಕ್ಕೆ ತೆತ್ತ ಹಣದ ಒಂದು ಪಾಲು ಈ ಗೋಡೆಯ ಮೂಲಕ ಸೋರಿಹೋಗುತ್ತದೆ.

ಟೊಳ್ಳನ್ನು ಗಾಜಿನ ಉಣ್ಣೆಯಿಂದ ತುಂಬುವುದು ಸುಲಭದ ಪರಿಹಾರ. ಗಾಜೇನೂ ಒಳ್ಳೆಯ ನಿರೋಧಕವಲ್ಲ. ಅದರ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 1 ವಾಟ್. ನಿಶ್ಚಲ ಗಾಳಿಯದು ಸುಮಾರು 0.025. ಎಳೆಗಳು ಗಾಳಿಯನ್ನು ಅಲುಗದಂತೆ ಹಿಡಿದು ಸಂವಹನವನ್ನು ತಡೆಯುತ್ತವೆ, ವಿಕಿರಣವನ್ನೂ ತಗ್ಗಿಸುತ್ತವೆ. ಗಾಜಿನ ಉಣ್ಣೆಗೆ ವಾಹಕತೆ ಸುಮಾರು 0.04 ಆಗುವುದು ಹೀಗೆ. ನಮ್ಮ ಕಂಬಳಿ ಮಾಡುವ ಕೆಲಸವೂ ಇದೇ.

ಒಂದು ಲೆಕ್ಕ ಮಾಡಿ ನೋಡೋಣ. ಟೊಳ್ಳು 9 ಸೆಂ.ಮೀ. ಇದೆಯೆನ್ನಿ. ದಪ್ಪವನ್ನು ವಾಹಕತೆಯಿಂದ ಭಾಗಿಸಿದರೆ ಉಷ್ಣರೋಧ ಸಿಗುತ್ತದೆ: ಉಣ್ಣೆಗೆ 0.09 ÷ 0.04 = 2.25. ಮರದ ವಾಹಕತೆ ಸುಮಾರು 0.12, ಅದರ ರೋಧ 0.75 ಮಾತ್ರ. ಪ್ರತಿ 40 ಸೆಂ.ಮೀ.ಗೆ 4 ಸೆಂ.ಮೀ. ಅಗಲದ ಪಟ್ಟಿಯಿದ್ದರೆ ಗೋಡೆಯ ಹತ್ತನೆಯ ಒಂದು ಭಾಗ ಮರವಾಯಿತು. ಒಳಹೊರ ಹಾಳೆಗಳನ್ನು ಲೆಕ್ಕಕ್ಕೆ ಬಿಟ್ಟರೆ ಉಣ್ಣೆಯ ಮೂಲಕ 0.9 ÷ 2.25 = 0.40, ಮರದ ಮೂಲಕ 0.1 ÷ 0.75 = 0.13. ಹತ್ತನೆಯ ಒಂದು ಭಾಗದಷ್ಟಿರುವ ಮರ ಕಾಲುಭಾಗ ಶಾಖವನ್ನು ಸಾಗಿಸುತ್ತದೆ! ಸಮಾಂತರ ವಿದ್ಯುತ್ ಮಂಡಲದ ಲೆಕ್ಕವೇ ಇದು. ತರಗತಿಯಲ್ಲಿ ಎರಡನ್ನೂ ಜೊತೆಯಾಗಿ ಹೇಳಿಕೊಡಬಹುದು.

ಇನ್ನು ತುಂಬುವ ಬಗೆ. ತಗಡಿನ ಕೆಳಅಂಚಿನ ತಿರುಪುಗಳನ್ನು ಬಿಚ್ಚಿ, ಉದ್ದನೆಯ ಬಾಗುವ ಪ್ಲಾಸ್ಟಿಕ್ ಹಾಳೆಗೆ ಉಣ್ಣೆಯ ಪಟ್ಟೆಯನ್ನು ಸುತ್ತಿ ಮೇಲಕ್ಕೆ ತಳ್ಳುತ್ತಾರೆ. ಹಾಳೆಯನ್ನು ಹಿಂದಕ್ಕೆ ಎಳೆದಾಗ ಉಣ್ಣೆ ಅಲ್ಲೇ ಉಳಿಯುತ್ತದೆ. ಕೊಳವೆಯ ಮೂಲಕ ಬಿಡಿ ಎಳೆಗಳನ್ನು ಊದಿ ತುಂಬುವುದೂ ಉಂಟು. ಒಳಗಿನ ವಿದ್ಯುತ್ ತಂತಿಗಳನ್ನು ಮೊದಲೇ ಪರೀಕ್ಷಿಸಿರಬೇಕು.

ತುಂಬಿದ ಮೇಲೆ ಬೇರೊಂದು ತೊಡಕು ತಲೆಯೆತ್ತುತ್ತದೆ. ಒಳಗಿನ ಶಾಖ ಹೊರಗಿನ ತಗಡನ್ನು ಅಷ್ಟಾಗಿ ತಲಪದ ಕಾರಣ ತಗಡು ಮೊದಲಿಗಿಂತ ತಣ್ಣಗಾಗುತ್ತದೆ. 20 ಡಿಗ್ರಿ ಸೆ. ಉಷ್ಣತೆ, ಶೇಕಡಾ 40 ಆರ್ದ್ರತೆಯ ಕೋಣೆಯಲ್ಲಿ ಘನಮೀಟರ್ ಗಾಳಿಗೆ ಸುಮಾರು 7 ಗ್ರಾಂ ನೀರಾವಿ ಇರುತ್ತದೆ. ಸೊನ್ನೆ ಡಿಗ್ರಿಯ ಗಾಳಿ ಹಿಡಿಯಬಲ್ಲದ್ದು 5 ಗ್ರಾಂಗೂ ತುಸು ಕಡಿಮೆ. ಹಲಗೆಯ ಸಂದುಗಳಿಂದ, ಸ್ವಿಚ್ಚಿನ ರಂಧ್ರಗಳಿಂದ ನುಸುಳಿದ ಗಾಳಿ ತಗಡನ್ನು ಮುಟ್ಟಿದರೆ ಮಿಕ್ಕ ಆವಿ ಅಲ್ಲೇ ನೀರಾಗುತ್ತದೆ ಅಥವಾ ಹಿಮವಾಗುತ್ತದೆ. ನೀರಿನ ವಾಹಕತೆ ಸುಮಾರು 0.6, ಗಾಳಿಯದರ ಇಪ್ಪತ್ತನಾಲ್ಕು ಪಟ್ಟು. ಒದ್ದೆ ಉಣ್ಣೆ ನಿರುಪಯುಕ್ತ. ಮರವೂ ಕೊಳೆಯುತ್ತದೆ. ಆದ್ದರಿಂದ ಒಳಗಿನ ಸಂದುಗಳನ್ನು ಮೊದಲು ಮುಚ್ಚಬೇಕು, ತಗಡಿನ ಕೆಳಅಂಚನ್ನು ಮಾತ್ರ ಪೂರ್ತಿ ಬಂದ್ ಮಾಡಬಾರದು. ಸೇರಿದ ನೀರು ಇಳಿದುಹೋಗಬೇಕು. ಮನೆಯೊಳಗೆ ಗ್ಯಾಸ್ ಒಲೆ ಉರಿಯುತ್ತಿದ್ದರೆ ಸಂದು ಮುಚ್ಚಿದ ಬಳಿಕ ಹೊಗೆಗೆ ಸರಿಯಾದ ದಾರಿಯೂ ಬೇಕು, ಇಲ್ಲವಾದರೆ ಕಾರ್ಬನ್ ಮೊನಾಕ್ಸೈಡ್ ಅಪಾಯ.

ಆವಿ ತಡೆಯುವ ಪ್ಲಾಸ್ಟಿಕ್ ಹಾಳೆಯನ್ನು ಚಳಿನಾಡಿನಲ್ಲಿ ಗೋಡೆಯ ಒಳಮೈಗೆ ಹಾಕುತ್ತಾರೆ. ಫ್ಲಾರಿಡಾದಂಥ ಬೆಚ್ಚನೆಯ ತೇವದ ಸೀಮೆಯಲ್ಲಿ ಹವಾನಿಯಂತ್ರಣವಿರುವ ಮನೆಗೆ ಆವಿ ಹೊರಗಿನಿಂದ ಒಳಕ್ಕೆ ಬರುತ್ತದೆ. ಅಲ್ಲಿ ಒಳಮೈಯ ಹಾಳೆಯ ಹಿಂದೆಯೇ ನೀರು ಕಟ್ಟುತ್ತದೆ.

ಶಾಲೆಯಲ್ಲಿ ಇದನ್ನು ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಿಗೆ ಒಂದೇ ತೂಕದ ಹತ್ತಿ ಸುತ್ತಿ. ಒಂದರ ಹತ್ತಿ ಒಣಗಿರಲಿ, ಇನ್ನೊಂದರದು ಒದ್ದೆಯಿರಲಿ. ಸಮಪ್ರಮಾಣದ ಬಿಸಿನೀರು ಹಾಕಿ ಮುಚ್ಚಿ, ಐದೈದು ನಿಮಿಷಕ್ಕೆ ಉಷ್ಣತೆ ಬರೆದುಕೊಂಡು ನಕ್ಷೆ ಎಳೆಯಿರಿ. ಒದ್ದೆ ಹತ್ತಿಯಿಂದ ನೀರು ಆವಿಯಾಗುವುದೂ ಶಾಖ ಕದಿಯುತ್ತದೆ. ಅದನ್ನು ತಡೆಯಲು ಎರಡೂ ಲೋಟಗಳ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಮತ್ತೊಮ್ಮೆ ಅಳೆಯಿರಿ.