ದೂರದ ಕಂಪ್ಯೂಟರಿಗೆ ಪರದೆಯ ಅಳತೆ ತಿಳಿಸುವುದು

ಸುಳ್ಯದಿಂದ ಸಂಪಾಜೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಅರಂತೋಡು ಸಿಗುತ್ತದೆ. ಅಲ್ಲಿನ ಮನೆಯಲ್ಲಿ ಕೂತು ಬೆಂಗಳೂರಿನ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆದವರಿಗೆ ಕಾಣುವ ಅಕ್ಷರಗಳೆಲ್ಲ ಬೆಂಗಳೂರಿನಿಂದ ಬರುತ್ತವೆ. ಅವು ಮೂಡುವ ಕಿಟಕಿ ಮಾತ್ರ ಅರಂತೋಡಿನಲ್ಲಿದೆ. ಅದರ ಅಗಲ, ಎತ್ತರ ಸರ್ವರ್‌ಗೆ ಕಾಣುವುದಿಲ್ಲ. ಈ ಕಡೆಯಿಂದಲೇ ತಿಳಿಸಬೇಕು. ತಿಳಿಸಿದ್ದು ತಪ್ಪಿದರೆ ಉದ್ದದ ಆಜ್ಞೆ ಕೆಳಸಾಲಿಗೆ ಇಳಿಯದೆ ಬರೆದುದರ ಮೇಲೆಯೇ ಬರೆದುಕೊಳ್ಳುತ್ತದೆ. ಕಿಟಕಿ ದೊಡ್ಡದಿದ್ದರೂ ವಿಐ ಎಡಿಟರ್ ಮೇಲಿನ 24 ಸಾಲುಗಳಲ್ಲೇ ಉಳಿದುಬಿಡುತ್ತದೆ.

80 ಅಂಕಣ, 24 ಸಾಲು

ಅಳತೆ ಗೊತ್ತಿಲ್ಲದಾಗ ಹಲವು ಪ್ರೋಗ್ರಾಂಗಳು ಇದನ್ನೇ ಹಿಡಿಯುತ್ತವೆ. ಐಬಿಎಂ 1928ರಲ್ಲಿ ತಂದ ಪಂಚ್ ಕಾರ್ಡಿನಲ್ಲಿ 80 ಅಂಕಣಗಳಿದ್ದವು. 1978ರ ವಿಟಿ100 ಟರ್ಮಿನಲ್ಲಿನ ಪರದೆಯೂ 80 ಅಂಕಣ, 24 ಸಾಲಿನದು. ಮುಂದೆ ಬಂದ ತಂತ್ರಾಂಶಗಳು ಅದನ್ನೇ ಅನುಸರಿಸಿದವು. ಎಳೆದು ಹಿಗ್ಗಿಸಬಹುದಾದ ಕಿಟಕಿಗಳು ಬಂದ ಮೇಲೆ ಅಳತೆಯನ್ನೂ ಕಳುಹಿಸುವ ಏರ್ಪಾಡು ಬೇಕಾಯಿತು. ಟೆಲ್ನೆಟ್‌ಗೆ 1988ರ ಆರ್‌ಎಫ್‌ಸಿ 1073 ಅದನ್ನು ಒದಗಿಸಿತು.

ಅಳತೆ ಸಾಗುವ ಬಗೆ

ಎಸ್‌ಎಸ್‌ಎಚ್‌ನ ಕ್ರಮವನ್ನು 2006ರ ಆರ್‌ಎಫ್‌ಸಿ 4254 ಹೇಳುತ್ತದೆ. ಲಾಗಿನ್ ಆಗುವಾಗ ಟರ್ಮಿನಲ್ ಬೇಕೆಂಬ ಕೋರಿಕೆಯ ಜೊತೆಗೇ ಅಂಕಣ ಮತ್ತು ಸಾಲುಗಳ ಸಂಖ್ಯೆ ಹೋಗುತ್ತದೆ. ಆಮೇಲೆ ಕಿಟಕಿಯನ್ನು ಎಳೆದರೆ, ಫೋನನ್ನು ಅಡ್ಡ ಹಿಡಿದರೆ, ಹೊಸ ಅಳತೆಯ ಸಂದೇಶ ಹೊರಡುತ್ತದೆ. ಸರ್ವರ್‌ನ ಕರ್ನಲ್ ಅದನ್ನು ಗುರುತಿಟ್ಟುಕೊಂಡು, ಓಡುತ್ತಿರುವ ಪ್ರೋಗ್ರಾಂಗೆ ಸಿಗ್‌ವಿಂಚ್ ಎಂಬ ಸಿಗ್ನಲ್ ಕಳಿಸುತ್ತದೆ. ಪ್ರೋಗ್ರಾಂ ಅಳತೆಯನ್ನು ಕೇಳಿ ತಿಳಿದು ಪರದೆಯನ್ನು ಮತ್ತೆ ಬರೆಯುತ್ತದೆ.

ಕೊಂಡಿ ತಪ್ಪಿದಾಗ

ರೂಟರಿಗೋ ರಾಸ್ಪ್‌ಬೆರಿ ಪೈಗೋ ಸೀರಿಯಲ್ ಕೇಬಲ್ ಹಾಕಿದಾಗ ಈ ಏರ್ಪಾಡು ಇರುವುದಿಲ್ಲ. ಆ ತಂತಿಯಲ್ಲಿ ಅಕ್ಷರಗಳು ಓಡಾಡುತ್ತವೆ, ಅಳತೆ ಓಡಾಡುವುದಿಲ್ಲ. ಲಿನಕ್ಸ್‌ನಲ್ಲಿ ‘ಎಸ್‌ಟಿಟಿವೈ ಸೈಜ್’ ಆಜ್ಞೆ ಕೊಟ್ಟು ನೋಡಿ: ಮೊದಲು ಸಾಲು, ಆಮೇಲೆ ಅಂಕಣ ಬರುತ್ತದೆ. ಎರಡೂ ಸೊನ್ನೆಯಾಗಿದ್ದರೆ ಯಾರೂ ಅಳತೆ ತಿಳಿಸಿಲ್ಲವೆಂದೇ ಅರ್ಥ. ‘ಎಸ್‌ಟಿಟಿವೈ ರೋಸ್ 40 ಕಾಲಮ್ಸ್ 120’ ಎಂದು ನಾವೇ ತಿಳಿಸಬಹುದು.

ಎಣಿಸುವ ಕಷ್ಟವೂ ಬೇಡವೆಂದರೆ ಎಕ್ಸ್‌ಟರ್ಮ್ ಜೊತೆ ಬರುವ ‘ರೀಸೈಜ್’ ಇದೆ. ಅದರ ಉಪಾಯ ಸೊಗಸಾದದ್ದು. 999ನೆಯ ಸಾಲು, 999ನೆಯ ಅಂಕಣಕ್ಕೆ ಹೋಗೆಂದು ಅದು ಕರ್ಸರಿಗೆ ಹೇಳುತ್ತದೆ. ಅಷ್ಟು ದೂರ ಹೋಗಲಾರದ ಕರ್ಸರ್ ಬಲಗಡೆಯ ಕೆಳಮೂಲೆಯಲ್ಲಿ ನಿಲ್ಲುತ್ತದೆ. ಎಲ್ಲಿ ನಿಂತೆ ಎಂದು ಕೇಳಿದರೆ ಟರ್ಮಿನಲ್ ಕೊಡುವ ಉತ್ತರವೇ ಪರದೆಯ ನಿಜವಾದ ಅಳತೆ.

ಲಾಗಿನ್ ಆದೊಡನೆ ಓಡುವ ಕಡತದಲ್ಲಿ ಲೈನ್ಸ್, ಕಾಲಮ್ಸ್ ಎಂಬ ಚರಗಳಿಗೆ ಅಂಕಿಗಳನ್ನು ಕಾಯಂ ಬರೆದಿಡಬೇಡಿ. ಮನೆಯ ಮಾನಿಟರಿಗೆ ಸರಿಹೊಂದಿದ ಅಂಕಿ ಬಸ್ಸಿನಲ್ಲಿ ಕೈಗೆತ್ತಿಕೊಂಡ ಫೋನಿಗೆ ಸರಿಹೊಂದದು. ಅಳತೆ ಇರುವುದು ನೋಡುವವರ ಬಳಿ. ಪ್ರತಿ ಸಲವೂ ಅವರ ಪರದೆಯನ್ನೇ ಕೇಳುವ ವ್ಯವಸ್ಥೆ ಉಳಿಸಿಕೊಂಡರೆ ಯಾವ ಊರಿನಿಂದ ಕೆಲಸ ಮಾಡಿದರೂ ಸಾಲುಗಳು ಸರಿಯಾಗಿ ಕೂರುತ್ತವೆ.